ನಗರದ ಮಕ್ಕಳ ಉಬ್ಬಸ ಮತ್ತು ಮನೋಬಲ



ಮಕ್ಕಳ ವೈದ್ಯನೊಬ್ಬನಿಗೆ ಇಂಥ ಉಪನ್ಯಾಸದ ವೇದಿಕೆ ಸಿಗುವುದು ಅಪರೂಪ. ಆಸ್ಪತ್ರೆಯಲ್ಲಿ ಒಂದು ಮಗುವಿಗೆಂದು ನಮಗೆ ದೊರೆಯುವುದು ಕೆಲವೇ ನಿಮಿಷ. ಔಷಧ ಬರೆದು, ಅದನ್ನು ಎಳೆದುಕೊಳ್ಳುವ ಕ್ರಮ ತೋರಿಸುವಷ್ಟರಲ್ಲಿ ಮುಂದಿನ ಚೀಟಿಯ ಹೆಸರು ಕೂಗಿಯಾಗಿರುತ್ತದೆ. ಆ ಗಡಿಬಿಡಿಯಲ್ಲಿ ಹೇಳದೆ ಉಳಿದ ಮಾತುಗಳನ್ನು ಸಾವಧಾನವಾಗಿ ಹೇಳಲು ನೀವು ಅವಕಾಶ ಮಾಡಿಕೊಟ್ಟಿದ್ದೀರಿ. ಅದಕ್ಕೆ ನಾನು ಋಣಿ.

ಇಂದಿನ ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಂಥ ನಗರದಲ್ಲಿ ಮಕ್ಕಳ ಉಬ್ಬಸ ಬೆಳೆದ ಬಗೆಯನ್ನು ಆರಂಭದಲ್ಲಿ ನೋಡೋಣ. ಆಮೇಲೆ ಮನಸ್ಸಿಗೂ ಶ್ವಾಸನಾಳಕ್ಕೂ ಇರುವ ನಂಟನ್ನು ಕುರಿತು, ಆ ನಂಟನ್ನು ವೈದ್ಯಶಾಸ್ತ್ರವೇ ಒಂದು ಕಾಲದಲ್ಲಿ ಹೇಗೆ ತಪ್ಪಾಗಿ ಓದಿತು ಎಂಬುದನ್ನು ಕುರಿತು ಮಾತಾಡುತ್ತೇನೆ. ಮೂರನೆಯ ಭಾಗ ಮಗುವಿನ ಮನೋಬಲದ್ದು. ನನ್ನ ಮಾತಿನ ತಿರುಳು ಅಲ್ಲಿದೆ. ಕೊನೆಗೆ ಶಾಲೆಯಲ್ಲಿ ನಾವು ಏನು ಮಾಡಬಹುದು ಎಂಬ ವಿಚಾರ. ಉಬ್ಬಸದ ಚಿಕಿತ್ಸೆಯ ಎಲ್ಲ ವಿವರಗಳಿಗೆ ನಾನು ಹೋಗುವುದಿಲ್ಲ.

ನಾನು ಪ್ರತಿಪಾದಿಸಲು ಬಂದಿರುವುದು ಇಷ್ಟು: ಕಾಯಿಲೆಯ ಮಗುವಿನ ಮನೋಬಲ ಅದರ ಸುತ್ತ ಇರುವ ದೊಡ್ಡವರ ನಡವಳಿಕೆಯಿಂದ ಹುಟ್ಟುತ್ತದೆ. ಬಾಯಿಮುಚ್ಚಿ ಸಹಿಸಿಕೊಳ್ಳುವ ಮಗುವನ್ನು ಗಟ್ಟಿ ಮಗು ಎಂದು ಹೊಗಳುವ ನಮ್ಮ ರೂಢಿ ಆ ಮಗುವಿನ ಜೀವಕ್ಕೇ ಅಪಾಯ ತರಬಹುದು.

ಮೊದಲು ನಗರದ ವಿಚಾರ.

ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಲೋಳೆ ಕಟ್ಟುತ್ತದೆ. ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಗೆ ಬಿಡುವುದು ಕಷ್ಟವಾಗುತ್ತದೆ. ಗೂರಲು, ದಮ್ಮು, ಈಗ ಎಲ್ಲರ ಬಾಯಲ್ಲಿರುವ ವೀಸಿಂಗ್, ಹೆಸರು ಯಾವುದಾದರೂ ಒಳಗೆ ನಡೆಯುವುದು ಇದೇ. ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವ ಸಾಲ್ಬುಟಮಾಲ್‌ನಂಥ ಔಷಧಗಳಿವೆ. ಒಳಗಿನ ಊತವನ್ನು ವಾರಗಟ್ಟಲೆ ನಿಧಾನವಾಗಿ ಇಳಿಸುವ ಬ್ಯುಡೆಸೊನೈಡ್‌ನಂಥ ಸ್ಟೀರಾಯ್ಡುಗಳಿವೆ. ಮೊದಲನೆಯದರ ಫಲ ಕಣ್ಣಿಗೆ ಕಾಣುತ್ತದೆ, ಎರಡನೆಯದರದು ಕಾಣುವುದಿಲ್ಲ. ಎಷ್ಟೋ ಮನೆಗಳಲ್ಲಿ ಎರಡನೆಯದನ್ನು ನಿಲ್ಲಿಸಿಬಿಡುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ, 18 ವರ್ಷದೊಳಗಿನ 20,000 ಮಕ್ಕಳ ದಾಖಲೆಗಳನ್ನು ಐದೈದು ವರ್ಷಗಳ ಅಂತರದಲ್ಲಿ ಪರಿಶೀಲಿಸಿದರು. 1979ರಲ್ಲಿ ಶೇ. 9ರಷ್ಟಿದ್ದ ಉಬ್ಬಸ 1989ಕ್ಕೆ ಶೇ. 18.5ಕ್ಕೆ, 1999ಕ್ಕೆ ಶೇ. 29.5ಕ್ಕೆ ಏರಿತ್ತು. ಇವು ಆಸ್ಪತ್ರೆಗೆ ಬಂದ ಮಕ್ಕಳ ಅಂಕಿಗಳು, ಊರಿನ ಎಲ್ಲ ಮಕ್ಕಳದಲ್ಲ ಎಂಬುದನ್ನು ಮರೆಯಬಾರದು. ಆದರೂ ಆ ಇಪ್ಪತ್ತು ವರ್ಷಗಳಲ್ಲಿ ಊರು ಬೆಳೆದ ರೀತಿಯನ್ನು ಕಂಡವರಿಗೆ ಈ ಏರಿಕೆ ಅಚ್ಚರಿ ಎನಿಸದು. ಕೆರೆಗಳು ಬಡಾವಣೆಗಳಾದವು, ಸೈಕಲ್ಲಿನ ಊರು ಸ್ಕೂಟರಿನದಾಯಿತು, ಆಮೇಲೆ ಕಾರಿನದು. ಇಂದು ಇಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಕಳೆ ಹಬ್ಬಿತು. ಅದರ ಪರಾಗ ಮೂಗು, ಗಂಟಲು, ಎದೆಯನ್ನು ಕೆರಳಿಸುತ್ತದೆಂದು ಈ ಊರಿನ ಅಲರ್ಜಿ ವೈದ್ಯರು ಬಹಳ ಹಿಂದೆಯೇ ತೋರಿಸಿದ್ದಾರೆ.

ಅದೇ ಸಂಶೋಧನೆಯ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 12 ಶಾಲೆಗಳ, 6ರಿಂದ 15 ವರ್ಷದ 6,550 ಮಕ್ಕಳನ್ನು ಸಮೀಕ್ಷಿಸಲಾಯಿತು. ವಾಹನ ದಟ್ಟಣೆ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ಉಬ್ಬಸವಿದ್ದ ಮಕ್ಕಳು ಶೇ. 11.15. ದಟ್ಟಣೆ ಹೆಚ್ಚಿರುವ ಕಡೆ ಶೇ. 19.34. ದಟ್ಟಣೆಯ ಜೊತೆಗೆ ಮನೆಯಲ್ಲಿ ಬಡತನವೂ ಇದ್ದ ಮಕ್ಕಳಲ್ಲಿ ಶೇ. 31.14.

ಈ ಕೊನೆಯ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಎರಡೂ ಗುಂಪಿನವರು ದಟ್ಟಣೆಯ ರಸ್ತೆಗಳ ಮಕ್ಕಳೇ. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಒಂದೇ ಕೋಣೆಯ ಮನೆ, ಅಲ್ಲೇ ಒಲೆ, ಅಲ್ಲೇ ಸೊಳ್ಳೆಬತ್ತಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಗೋಡೆ, ಬಾಗಿಲಾಚೆ ಸುಡುವ ಕಸ. ಇವೆಲ್ಲ ಕಣ್ಣಿಗೆ ಕಾಣುವ ಕಾರಣಗಳು. ಕಣ್ಣಿಗೆ ಕಾಣದ ಇನ್ನೊಂದು ಕಾರಣ ಆ ಮನೆಯಲ್ಲಿ ಮಗು ಹೊತ್ತಿರುವ ಆತಂಕ. ಅದು ನಮ್ಮನ್ನು ಎರಡನೆಯ ಭಾಗಕ್ಕೆ ಕರೆದೊಯ್ಯುತ್ತದೆ.

ಮನಸ್ಸು ಮತ್ತು ಉಬ್ಬಸ ಎಂದೊಡನೆ ಒಂದು ಎಚ್ಚರಿಕೆ ಅಗತ್ಯ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಷಿಕಾಗೊದ ಮನೋವಿಶ್ಲೇಷಕ ಫ್ರಾನ್ಜ್ ಅಲೆಕ್ಸಾಂಡರ್ ಮತ್ತು ಅವರ ಸಂಗಡಿಗರು ಏಳು ಕಾಯಿಲೆಗಳನ್ನು ಮನಸ್ಸಿನ ಸಂಘರ್ಷದಿಂದ ಮೈಗೆ ಇಳಿದವು ಎಂದು ಗುರುತಿಸಿದರು. ಉಬ್ಬಸ ಅವುಗಳಲ್ಲೊಂದು. ತಾಯಿಗಾಗಿ ಅಳಬೇಕಾದ ಮಗು ಅಳುವನ್ನು ಅದುಮಿಟ್ಟಾಗ ಅದೇ ಗೂರಲಾಗುತ್ತದೆ ಎಂಬ ವಾದ ಹುಟ್ಟಿತು. ಅಮೆರಿಕದ ಡೆನ್ವರಿನಲ್ಲಿ ಮಕ್ಕಳ ಉಬ್ಬಸಕ್ಕೆಂದೇ ಇದ್ದ ವಸತಿ ಸಂಸ್ಥೆಗೆ ದೇಶದ ನಾನಾ ಕಡೆಯ ಮಕ್ಕಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಳಿಸಲಾಗುತ್ತಿತ್ತು. ತಾಯಿತಂದೆಯರಿಂದ ದೂರ ಮಾಡುವುದನ್ನೇ ಚಿಕಿತ್ಸೆ ಎಂದು ಕರೆದರು. ಹಲವು ಮಕ್ಕಳು ಅಲ್ಲಿ ಸುಧಾರಿಸಿದ್ದೂ ನಿಜ. ಆದರೆ ಅವರನ್ನು ಸುಧಾರಿಸಿದ್ದು ತಾಯಿಯ ಗೈರುಹಾಜರಿಯೇ, ಮನೆಯ ಧೂಳಿನ ಗೈರುಹಾಜರಿಯೇ?

1969ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದೇ ಡೆನ್ವರಿನ ಕೆನೆತ್ ಪರ್ಸೆಲ್ ಮತ್ತು ಸಂಗಡಿಗರು ಇದನ್ನು ತಿರುಗಿಸಿ ಕೇಳಿದರು. ಮಗುವನ್ನು ಮನೆಯಲ್ಲೇ ಬಿಟ್ಟು ಮನೆಯವರನ್ನು ಎರಡು ವಾರ ಬೇರೆ ಕಡೆ ಇರಿಸಿದರು. ಧೂಳು ಅದೇ, ಹಾಸಿಗೆ ಅದೇ, ನೋಡಿಕೊಳ್ಳುವವರು ಮಾತ್ರ ಬೇರೆ. ಭಾವನೆಗಳಿಂದ ಉಬ್ಬಸ ಕೆರಳುತ್ತದೆಂದು ಮೊದಲೇ ಗುರುತಿಸಿದ್ದ ಮಕ್ಕಳಲ್ಲಿ ಸುಧಾರಣೆ ಕಂಡಿತು, ಉಳಿದವರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಕೆಲವು ಮಕ್ಕಳಲ್ಲಿ ಮನೆಯ ವಾತಾವರಣ ಕಾಯಿಲೆಯನ್ನು ಕೆರಳಿಸುತ್ತದೆ, ಆದರೆ ಕಾಯಿಲೆಯನ್ನು ಹುಟ್ಟಿಸಿದ್ದು ತಾಯಿ ಎಂಬುದಕ್ಕೆ ಇಲ್ಲಿ ಆಧಾರವಿಲ್ಲ ಎಂದು ನಾನು ಇದನ್ನು ಓದುತ್ತೇನೆ.

ಈ ಹಳೆಯ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ತಾಯಿಯನ್ನು ದೂರುವುದು ನಮ್ಮಲ್ಲಿ ಬೇರೆ ರೂಪದಲ್ಲಿ ಇನ್ನೂ ಜೀವಂತವಾಗಿದೆ. ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಕ್ಕೇ ಮಗುವಿಗೆ ಹೀಗಾಯಿತು, ಬಾಳೆಹಣ್ಣು ತಿನ್ನಿಸಿದ್ದಕ್ಕೇ ಕಫ ಕಟ್ಟಿತು, ತಲೆಗೆ ನೀರು ಹಾಕಿ ಸರಿಯಾಗಿ ಒರೆಸಲಿಲ್ಲ ಎಂಬ ಮಾತುಗಳನ್ನು ಕೇಳದ ತಾಯಿಯನ್ನು ನಾನು ಕಂಡಿಲ್ಲ. ರಾತ್ರಿಯೆಲ್ಲ ಮಗುವನ್ನು ಎದೆಗೊರಗಿಸಿಕೊಂಡು ಕೂತವಳಿಗೇ ಬೆಳಿಗ್ಗೆ ಈ ಮಾತು. ಆ ಮಾತನ್ನು ಮಗುವೂ ಕೇಳಿಸಿಕೊಳ್ಳುತ್ತದೆ. ತನ್ನ ಉಸಿರಿನಿಂದಾಗಿ ಅಮ್ಮ ಬೈಸಿಕೊಳ್ಳುತ್ತಾಳೆ ಎಂದು ಅದು ಬೇಗ ಕಲಿಯುತ್ತದೆ.

ಹಾಗಾದರೆ ಒತ್ತಡ ನಿಜವಾಗಿ ಏನು ಮಾಡುತ್ತದೆ? ಗ್ಲಾಸ್ಗೋದಲ್ಲಿ ಸೇಯಾ ಸಾಂಡ್‌ಬರ್ಗ್ ಮತ್ತು ಸಂಗಡಿಗರು ಉಬ್ಬಸವಿದ್ದ 90 ಮಕ್ಕಳನ್ನು 18 ತಿಂಗಳು ಹಿಂಬಾಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯಲ್ಲಿ ಸಾವು, ಬೇರ್ಪಡೆಯಂಥ ತೀವ್ರ ಆಘಾತವಾದ ಮೇಲೆ ಉಬ್ಬಸದ ಹೊಸ ದಾಳಿಯ ಸಂಭವ ಹೆಚ್ಚಿತ್ತು. ಮೊದಲೇ ದೀರ್ಘಕಾಲದ ಒತ್ತಡದಲ್ಲಿ ಬದುಕುತ್ತಿದ್ದ ಮಕ್ಕಳಲ್ಲಿ ಅದು ಎರಡೇ ವಾರಗಳೊಳಗೆ ಸುಮಾರು ಮೂರು ಪಟ್ಟಾಯಿತು. ದೇಹದೊಳಗಿನ ದಾರಿಯನ್ನು ಗ್ರೆಗರಿ ಮಿಲ್ಲರ್ ಮತ್ತು ಈಡಿತ್ ಚೆನ್ 2006ರ ಒಂದು ಸಣ್ಣ ಅಧ್ಯಯನದಲ್ಲಿ ಹುಡುಕಿದರು. ನಮ್ಮ ದೇಹವೇ ಸ್ರವಿಸುವ ಕಾರ್ಟಿಸಾಲ್ ಊತವನ್ನು ಇಳಿಸುತ್ತದೆ. ಅದರ ಸಂದೇಶವನ್ನು ಜೀವಕೋಶ ಸ್ವೀಕರಿಸಲು ಗ್ರಾಹಕಗಳು ಬೇಕು. ದೀರ್ಘ ಒತ್ತಡದ ಮೇಲೆ ಹೊಸ ಆಘಾತವೂ ಬಿದ್ದ ಉಬ್ಬಸದ ಮಕ್ಕಳ ಬಿಳಿ ರಕ್ತಕಣಗಳಲ್ಲಿ ಈ ಗ್ರಾಹಕಗಳನ್ನು ರೂಪಿಸುವ ಜೀನುಗಳ ಚಟುವಟಿಕೆ ತಗ್ಗಿತ್ತು. ಶ್ವಾಸನಾಳದ ಸ್ನಾಯುವನ್ನು ಸಡಿಲಿಸುವ ಬೀಟಾ-2 ಗ್ರಾಹಕಗಳ ವಿಷಯದಲ್ಲೂ ಹಾಗೆಯೇ. ವೈದ್ಯ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಾವು ಇನ್ಹೇಲರಿನಲ್ಲಿ ಕೊಡುವ ಎರಡು ಮುಖ್ಯ ಔಷಧಗಳು ಕೆಲಸ ಮಾಡುವುದು ಇವೇ ಎರಡು ಗ್ರಾಹಕಗಳ ಮೂಲಕ. ಮನೆಯ ಸಂಕಟ ಔಷಧದ ಬಾಗಿಲನ್ನೇ ಕಿರಿದು ಮಾಡಬಹುದು.

ಇನ್ನು ಮೂರನೆಯ ಭಾಗ. ಇಷ್ಟೆಲ್ಲ ಇದ್ದರೂ ಕೆಲವು ಮಕ್ಕಳು ಚೇತರಿಸಿಕೊಳ್ಳುತ್ತಾರಲ್ಲ, ಅವರಿಗೆ ಆ ಬಲ ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಯನ್ನು ಬಹಳ ತಾಳ್ಮೆಯಿಂದ ಕೇಳಿದವರು ಎಮ್ಮಿ ವರ್ನರ್. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರು ಮತ್ತು ರೂತ್ ಸ್ಮಿತ್ ನಡುವಯಸ್ಸಿನವರೆಗೂ ಗಮನಿಸಿದರು. ಬಡತನ, ಹೆರಿಗೆಯ ತೊಡಕು, ಮನೆಯಲ್ಲಿ ಕುಡಿತ ಅಥವಾ ಮಾನಸಿಕ ಕಾಯಿಲೆ, ಹೀಗೆ ಹಲವು ಹೊರೆಗಳನ್ನು ಒಟ್ಟಿಗೆ ಹೊತ್ತ ಮಕ್ಕಳಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಸಮರ್ಥರಾಗಿ, ಇನ್ನೊಬ್ಬರ ಬಗ್ಗೆ ಕಾಳಜಿಯುಳ್ಳವರಾಗಿ ಬೆಳೆದರು. ಅವರ ಸ್ವಭಾವವೂ ನೆರವಾಯಿತು ನಿಜ. ಜೊತೆಗೆ, ತನ್ನನ್ನು ಕೈಬಿಡದ ಒಬ್ಬ ದೊಡ್ಡವರಾದರೂ ಅಂಥ ಮಗುವಿಗೆ ಇದ್ದರು: ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಪಕ್ಕದ ಮನೆಯವರು. ಇದು ಉಬ್ಬಸದ ಅಧ್ಯಯನವಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಮಗುವಿನ ಬೆನ್ನು ನೀವುತ್ತಾ ಕೂರುವವರು ಯಾರಿದ್ದಾರೆ ಎಂಬ ಪ್ರಶ್ನೆ ಯಾವ ಉಬ್ಬಸದ ಮಗುವಿನ ಮನೆಯಲ್ಲೂ ಏಳುತ್ತದೆ.

ಉಬ್ಬಸವನ್ನೇ ಕುರಿತದ್ದು ಬೇಕೆಂದರೆ ಈಡಿತ್ ಚೆನ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬಡ ಮನೆಗಳ ಕೆಲವು ಉಬ್ಬಸದ ಮಕ್ಕಳಲ್ಲಿ ಎರಡು ಗುಣ ಜೊತೆಯಾಗಿ ಕಂಡವು. ಒಂದು, ತಾನು ಬದಲಿಸಲಾಗದ ಸಂಗತಿಯನ್ನು ಬೇರೆ ಬೆಳಕಿನಲ್ಲಿ ನೋಡಿ ಕೋಪವನ್ನೂ ಭಯವನ್ನೂ ಇಳಿಸಿಕೊಳ್ಳುವುದು. ಎರಡು, ಮುಂದೆ ಒಳ್ಳೆಯದಿದೆ ಎಂಬ ನಂಬಿಕೆಯನ್ನು ಬಿಡದಿರುವುದು. ಈ ಮಕ್ಕಳ ದೇಹದಲ್ಲಿ ಉರಿಯೂತದ ಗುರುತುಗಳು ಕಡಿಮೆಯಿದ್ದವು. ಆರು ತಿಂಗಳ ನಂತರ ನೋಡಿದಾಗ ಕಾಯಿಲೆಯ ತೊಂದರೆಯೂ ಕಡಿಮೆಯಿತ್ತು. ಗಮನಿಸಬೇಕಾದ ಮಾತು: ಅನುಕೂಲಸ್ಥ ಮನೆಗಳ ಮಕ್ಕಳಲ್ಲಿ ಈ ಗುಣಗಳು ಅಷ್ಟು ವ್ಯತ್ಯಾಸ ಮಾಡಲಿಲ್ಲ. ಕಷ್ಟವನ್ನು ತಾನಾಗಿ ಬದಲಿಸುವ ಶಕ್ತಿ ಇಲ್ಲದ ಕಡೆಯೇ ಇವು ಹೆಚ್ಚು ಒದಗಿ ಬಂದವು. ಇಂಥ ನೋಟವನ್ನು ಮಗು ಎಲ್ಲಿ ಕಲಿಯುತ್ತದೆ? ಬಸ್ಸು ತಪ್ಪಿದಾಗ, ಸಂಬಳ ತಡವಾದಾಗ, ಮಳೆನೀರು ಮನೆಗೆ ನುಗ್ಗಿದಾಗ ಮನೆಯ ದೊಡ್ಡವರು ಆಡುವ ಮಾತಿನಲ್ಲಿ ಕಲಿಯುತ್ತದೆ ಎಂದು ನಾನು ನಂಬಿದ್ದೇನೆ.

ಈಗ ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ.

ಉಬ್ಬಸದ ಮಕ್ಕಳು ಕಾಯಿಲೆಯನ್ನು ಮುಚ್ಚಿಡುತ್ತಾರೆ. ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಾರೆ. ಏನಾಯ್ತು ಎಂದರೆ "ಏನಿಲ್ಲಮ್ಮ" ಎನ್ನುತ್ತಾರೆ. ಪಿ.ಟಿ. ಪೀರಿಯಡ್ಡಿನಲ್ಲಿ ಓಡಲಾಗದಾಗ ಶೂ ಲೇಸ್ ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗುತ್ತಾರೆ. ಎಂಟು ಒಂಬತ್ತು ವರ್ಷದ ಮಗುವಿಗೆ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ: ಈಗ ಹೇಳಿದರೆ ಅಪ್ಪ ನಡುರಾತ್ರಿ ಆಟೋ ಹುಡುಕಬೇಕು, ಆಸ್ಪತ್ರೆಯಲ್ಲಿ ನೆಬುಲೈಸರ್ ಇಡಿಸಬೇಕು, ಬೆಳಿಗ್ಗೆ ಅಮ್ಮನ ಕೆಲಸ ತಪ್ಪುತ್ತದೆ, ಆ ದಿನದ ದುಡ್ಡು ಹೋಗುತ್ತದೆ. ಹೀಗೆ ಲೆಕ್ಕ ಹಾಕಿ ಸುಮ್ಮನಿದ್ದ ಮಗುವನ್ನು ಎದೆಗೂಡು ಒಳಗೆ ಸೆಳೆಯುವ ಹಂತದಲ್ಲಿ ನಮ್ಮಲ್ಲಿಗೆ ತರುತ್ತಾರೆ. ಜೊತೆಗೆ ಬಂದವರು ಹೆಮ್ಮೆಯಿಂದ ಹೇಳುತ್ತಾರೆ, "ನಮ್ ಮಗು ತುಂಬಾ ಗಟ್ಟಿ ಡಾಕ್ಟ್ರೇ, ಅಳೋದೇ ಇಲ್ಲ."

ಆ ಗಟ್ಟಿತನಕ್ಕೆ ದೇಹ ತೆರುವ ಬೆಲೆಯನ್ನು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಅಧ್ಯಯನ ತೋರಿಸಿದೆ. ಅಲ್ಲಿಯ ಹಳ್ಳಿಗಾಡಿನ ಬಡ ಕಪ್ಪು ಕುಟುಂಬಗಳ ಮಕ್ಕಳನ್ನು ಜೀನ್ ಬ್ರೋಡಿ ಮತ್ತು ಸಂಗಡಿಗರು ಹದಿಹರೆಯದ ಕೊನೆಯವರೆಗೆ ಗಮನಿಸಿ 2013ರಲ್ಲಿ ವರದಿ ಮಾಡಿದರು. ಓದಿನಲ್ಲಿ ಮುಂದಿದ್ದ, ಶಿಕ್ಷಕರು ಮೆಚ್ಚಿದ, ತಮ್ಮನ್ನು ತಾವು ಬಿಗಿಹಿಡಿದುಕೊಂಡು ಮೇಲೆ ಬಂದ ಮಕ್ಕಳು ಮನಸ್ಸಿನ ಮಟ್ಟಿಗೆ ಚೆನ್ನಾಗಿದ್ದರು. ಆದರೆ ಹೆಚ್ಚು ಬಡತನದಿಂದ ಬಂದವರಲ್ಲಿ ರಕ್ತದೊತ್ತಡ, ತೂಕ, ಒತ್ತಡದ ಹಾರ್ಮೋನುಗಳು, ಎಲ್ಲ ಸೇರಿ ದೇಹ ಸವೆದಿರುವುದನ್ನು ಹೇಳುತ್ತಿದ್ದವು, ಅದೂ 19ರ ವಯಸ್ಸಿಗೇ. ಹೊರಗಿನಿಂದ ನೋಡಿ ಗಟ್ಟಿ ಎನ್ನುವ ನಮ್ಮ ತೀರ್ಪನ್ನು ನಾನು ಇನ್ನು ನಂಬಲಾರೆ. ಉಬ್ಬಸದಲ್ಲಂತೂ, "ಅಮ್ಮಾ, ಎದೆ ಬಿಗಿಯುತ್ತಿದೆ" ಎಂದು ಮೊದಲ ಗಳಿಗೆಯಲ್ಲೇ ಹೇಳುವ ಮಗುವೇ ಬಲಶಾಲಿ. ಹೇಳಿದಾಗ ಯಾರೂ ಗದರುವುದಿಲ್ಲ ಎಂಬ ಭರವಸೆ ಅದಕ್ಕಿದೆ.

ಮಗುವಿನ ಮಾತಿಗೆ ಕಿವಿಗೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ಹೇಲರೇ ಸಾಕ್ಷಿ. 1955ರಲ್ಲಿ ಅಮೆರಿಕದ ರೈಕರ್ ಔಷಧ ಸಂಸ್ಥೆಯ ಅಧ್ಯಕ್ಷರಾಗಿದ್ದ ಜಾರ್ಜ್ ಮೈಸನ್ ಅವರ 13 ವರ್ಷದ ಮಗಳಿಗೆ ಉಬ್ಬಸವಿತ್ತು. ರಬ್ಬರ್ ಬುರುಡೆ ಒತ್ತಿ ಔಷಧ ಸಿಂಪಡಿಸಿಕೊಳ್ಳುವ ಗಾಜಿನ ಉಪಕರಣದಿಂದ ಬೇಸತ್ತ ಆ ಹುಡುಗಿ, ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧವೂ ಡಬ್ಬಿಯಲ್ಲಿ ಯಾಕೆ ಬರಬಾರದು ಎಂದು ಕೇಳಿದಳು. 1956ರಲ್ಲಿ ಅಂಥ ಇನ್ಹೇಲರ್ ಮಾರುಕಟ್ಟೆಗೆ ಬಂತು. ಇಂದು ಜಗತ್ತಿನ ಲಕ್ಷಾಂತರ ಮಕ್ಕಳ ಚೀಲದಲ್ಲಿರುವುದು ಆ ಪ್ರಶ್ನೆಯ ಫಲ.

ನಮ್ಮಲ್ಲಿ ಅದೇ ವಸ್ತುವಿಗೆ ನಾಚಿಕೆ ಅಂಟಿಕೊಂಡಿದೆ. "ಪಂಪು ಅಭ್ಯಾಸ ಆಗಿಬಿಡುತ್ತೆ" ಎಂಬ ಹೆದರಿಕೆ ಒಂದು. ಹೆಣ್ಣುಮಗಳಾದರೆ ಮುಂದೆ ಗಂಡು ಹುಡುಕುವಾಗ ತೊಂದರೆ ಎಂಬ ಹೆದರಿಕೆ ಇನ್ನೊಂದು. ಸ್ಪಷ್ಟವಾಗಿ ಹೇಳುತ್ತೇನೆ: ಇನ್ಹೇಲರ್ ಚಟ ಹಿಡಿಸುವುದಿಲ್ಲ. ಬಾಯಿಂದ ನುಂಗುವ ಔಷಧಕ್ಕಿಂತ ಅದರಲ್ಲಿರುವ ಪ್ರಮಾಣ ಬಹಳ ಕಡಿಮೆ, ಅದು ಹೋಗಬೇಕಾದ ಕಡೆಗೇ ಹೋಗುತ್ತದೆ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಪುಟ್ಟ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದಿಗಾಗಿ ನಮ್ಮ ಗಡಿ ಜಿಲ್ಲೆಗಳಿಂದಲೂ ಕುಟುಂಬಗಳು ಹೋಗುತ್ತವೆ. ಆ ಮದ್ದಿನ ಗುಣಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಮಗುವಿಗಾಗಿ ಇಡೀ ಮನೆ ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವ ಆ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಹೋಗಿ ಬಂದವರಲ್ಲಿ ನನ್ನ ಬೇಡಿಕೆ ಒಂದೇ, ದಿನನಿತ್ಯದ ಇನ್ಹೇಲರನ್ನು ನಿಲ್ಲಿಸಬೇಡಿ.

ಇನ್ನು ಕೊನೆಯ ಭಾಗ, ಶಾಲೆ. ಶಾಲೆಯ ದಿನಗಳಲ್ಲಿ ಮಗು ಎಚ್ಚರವಿರುವ ಹೊತ್ತಿನ ದೊಡ್ಡ ಭಾಗ ಅಲ್ಲಿ ಕಳೆಯುತ್ತದೆ. ಮನೆಯಲ್ಲಿ ದೊರೆಯದ ಆ ಒಬ್ಬ ದೊಡ್ಡವರು ಎಷ್ಟೋ ಮಕ್ಕಳಿಗೆ ಸಿಗುವುದೂ ಅಲ್ಲೇ.

ಅಮೆರಿಕದ ರಾಚೆಸ್ಟರ್ ನಗರದಲ್ಲಿ ಜಿಲ್ ಹಾಲ್ಟರ್‌ಮನ್ ಎಂಬ ಮಕ್ಕಳ ವೈದ್ಯೆ ಸರಳವಾದ ಒಂದು ವ್ಯವಸ್ಥೆ ಮಾಡಿದರು. ಊತ ಇಳಿಸುವ ದಿನನಿತ್ಯದ ಔಷಧವನ್ನು ಶಾಲೆಯ ದಾದಿಯೇ ಬೆಳಿಗ್ಗೆ ಮಗುವಿಗೆ ಕೊಡುವುದು. ಬಡ ಬಡಾವಣೆಗಳ ಆ ಮಕ್ಕಳಲ್ಲಿ ಉಬ್ಬಸವಿಲ್ಲದ ದಿನಗಳು ಹೆಚ್ಚಿದವು. ಆಸ್ಟ್ರೇಲಿಯಾದಲ್ಲಿ ಸ್ಮಿತಾ ಶಾ ಮತ್ತು ಸಂಗಡಿಗರು ಟ್ಯಾಮ್‌ವರ್ತ್ ಊರಿನ ಪ್ರೌಢಶಾಲೆಗಳಲ್ಲಿ ಮೇಲಿನ ತರಗತಿಯ ಮಕ್ಕಳಿಗೆ ತರಬೇತಿ ಕೊಟ್ಟು, ಅವರಿಂದಲೇ ಕೆಳಗಿನ ತರಗತಿಯವರಿಗೆ ಉಬ್ಬಸದ ಪಾಠ ಹೇಳಿಸಿದರು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಮಕ್ಕಳ ಜೀವನದ ಗುಣಮಟ್ಟ ಸುಧಾರಿಸಿತ್ತು, ಗೈರುಹಾಜರಿಯೂ ಇಳಿದಿತ್ತು. ನಮ್ಮ ಶಾಲೆಗಳಲ್ಲಿ ದಾದಿಯರು ವಿರಳ. ಆದರೆ ಒಂಬತ್ತನೆಯ ತರಗತಿಯ ಮಕ್ಕಳು ಆರನೆಯವರಿಗೆ ಕಲಿಸುವ ವ್ಯವಸ್ಥೆಗೆ ಹೆಚ್ಚು ಖರ್ಚು ಬೇಕಿಲ್ಲ. ತನ್ನಂತೆಯೇ ಉಬ್ಬಸವಿರುವ ಅಕ್ಕನೊಬ್ಬಳು ಎಲ್ಲರೆದುರು ಇನ್ಹೇಲರ್ ಎಳೆದು ತೋರಿಸಿದರೆ, ನಾನು ಗಂಟೆಗಟ್ಟಲೆ ಹೇಳುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಹಣದ ಅಡ್ಡಿಗೂ ಉತ್ತರವಿದೆ. ಇನ್ಹೇಲರಿನ ಔಷಧ ಮಕ್ಕಳ ಎದೆಗೆ ಇಳಿಯಬೇಕಾದರೆ ಇನ್ಹೇಲರಿಗೂ ಬಾಯಿಗೂ ನಡುವೆ ಔಷಧವನ್ನು ಹಿಡಿದಿಡುವ ಸ್ಪೇಸರ್ ಎಂಬ ಕೊಳವೆ ಬೇಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹೆದರ್ ಝಾರ್ ಮತ್ತು ಸಂಗಡಿಗರು 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರ್ ಕೂರುವಷ್ಟು ರಂಧ್ರ ಮಾಡಿ, ಸಂದನ್ನು ಅಂಟಿನಿಂದ ಮುಚ್ಚಿ ಪರೀಕ್ಷಿಸಿದರು. ಅದು ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತು ಎಂದು 1999ರಲ್ಲಿ ವರದಿಯಾಯಿತು.

ಮುಖ್ಯೋಪಾಧ್ಯಾಯರಲ್ಲಿ ನಾನು ಕೇಳುವುದು ಹೀಗಿದೆ. ಮಗುವಿನ ಇನ್ಹೇಲರನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಅದು ಮಗುವಿನ ಚೀಲದಲ್ಲಿರಲಿ, ಇನ್ನೊಂದು ಇನ್ಹೇಲರ್ ತರಗತಿಯ ಶಿಕ್ಷಕರ ಬಳಿ ಇರಲಿ. ಪಿ.ಟಿ. ಮೇಷ್ಟ್ರು ಆ ಮಗುವನ್ನು ಮರದ ಕೆಳಗೆ ಕೂರಿಸಿ ಆಟದಿಂದ ಹೊರಗಿಡುವ ಬದಲು, ಬೇಕಿದ್ದರೆ ಮೊದಲೇ ಪಫ್ ತೆಗೆದುಕೊಳ್ಳಲು ಹೇಳಿ, ನಿಧಾನವಾಗಿ ಮೈ ಬಿಸಿ ಮಾಡಿಸಿ ಆಡಿಸಲಿ. ತರಗತಿ ನಡೆಯುವಾಗ ಗುಡಿಸುವುದು ಬೇಡ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಲ್ಲುವ ವ್ಯಾನು, ಆಟೋ, ಕಾರುಗಳ ಇಂಜಿನ್ ಆರಿಸಿರಲಿ.

ಇಂಜಿನ್ನಿನ ಮಾತು ಬಂದದ್ದರಿಂದ ಗಾಳಿಗೇ ಮರಳಬೇಕು. ಮನೋಬಲದ ಬಗ್ಗೆ ಇಷ್ಟು ಹೊತ್ತು ಆಡಿದ ಮಾತನ್ನು ಯಾರೂ ಗಾಳಿಯ ಹೊಣೆಯಿಂದ ನುಣುಚಿಕೊಳ್ಳಲು ಬಳಸಬಾರದು. ಲಂಡನ್ನಿನ ಲೂಯಿಷಮ್ ಭಾಗದಲ್ಲಿ, ಸೌತ್ ಸರ್ಕ್ಯುಲರ್ ಎಂಬ ಹೆದ್ದಾರಿಯ ಸಮೀಪ ಎಲ್ಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಹುಡುಗಿ ಇದ್ದಳು. ಸಂಗೀತ, ಈಜು, ಆಟ ಎಲ್ಲದರಲ್ಲೂ ಮುಂದಿದ್ದವಳು. ಪ್ರೀತಿಸುವ ತಾಯಿಯಿದ್ದಳು, ಒಳ್ಳೆಯ ಆಸ್ಪತ್ರೆಗಳಿದ್ದವು. ಉಬ್ಬಸದಿಂದ ಮೂರು ವರ್ಷಗಳಲ್ಲಿ ಸುಮಾರು 30 ಬಾರಿ ಆಸ್ಪತ್ರೆ ಸೇರಿ, 2013ರ ಫೆಬ್ರವರಿಯಲ್ಲಿ, ತನ್ನ 9ನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾಯಿ ರೋಸಮಂಡ್ ವರ್ಷಗಟ್ಟಲೆ ಹೋರಾಡಿದ ಮೇಲೆ 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಫಿಲಿಪ್ ಬಾರ್ಲೊ ಅವರು ಆ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಸೇರಿಸಿದರು. ಬ್ರಿಟನ್ನಿನಲ್ಲಿ ಅಂಥ ತೀರ್ಪು ಅದೇ ಮೊದಲು. ಆ ಮಗುವಿನಲ್ಲಿ ಮನೋಬಲಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಶುದ್ಧ ಗಾಳಿಗೆ. ಗಾಳಿಯಲ್ಲಿ ತೇಲುವ ಅತಿಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಮ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಾನದಂಡ 40.

ಬಾರ್ಲೊ ಅವರ ತೀರ್ಪಿನ ಇನ್ನೊಂದು ಅಂಶ ವೈದ್ಯರಾದ ನಮ್ಮ ಕಡೆಗೆ ಬೆರಳು ತೋರುತ್ತದೆ. ಮಾಲಿನ್ಯಕ್ಕೂ ಮಗಳ ಉಬ್ಬಸಕ್ಕೂ ಸಂಬಂಧವಿದೆ ಎಂಬ ಮಾಹಿತಿಯನ್ನು ಆ ತಾಯಿಗೆ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಅವರು ಏನಾದರೂ ಕ್ರಮ ಕೈಗೊಳ್ಳುತ್ತಿದ್ದರು ಎಂದು ಅವರು ದಾಖಲಿಸಿದರು. ಇಲ್ಲಿ ಕುಳಿತಿರುವ ಕಿರಿಯ ವೈದ್ಯರಲ್ಲಿ ಕೇಳಿಕೊಳ್ಳುತ್ತೇನೆ: ಉಬ್ಬಸದ ಮಗುವಿನ ಕೇಸ್ ಶೀಟಿನಲ್ಲಿ ಮನೆ ಯಾವ ರಸ್ತೆಯಲ್ಲಿದೆ, ಅಡುಗೆ ಎಲ್ಲಿ ನಡೆಯುತ್ತದೆ, ರಾತ್ರಿ ಮಗುವಿನ ಪಕ್ಕ ಮಲಗುವವರು ಯಾರು ಎಂದು ಬರೆಯಿರಿ. ಉಸಿರು ಹೇಗಿದೆ ಎಂಬ ಪ್ರಶ್ನೆಯನ್ನು ತಾಯಿಗಿಂತ ಮೊದಲು ಮಗುವನ್ನೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವಾಗ ಎಷ್ಟು ಪಫ್, ಯಾವ ಲಕ್ಷಣ ಕಂಡರೆ ಕೂಡಲೇ ಹೊರಡಬೇಕು ಎಂಬುದನ್ನು ಮನೆಯವರು ಓದುವ ಭಾಷೆಯಲ್ಲಿ, ಬಿಡಿಸಿ ಬರೆಯಿರಿ. ನಮ್ಮೂರಿನ ಬಹುಪಾಲು ಮನೆಗಳಿಗೆ ಅದು ಕನ್ನಡ, ತಮಿಳು, ತೆಲುಗು, ಉರ್ದು ಅಥವಾ ಹಿಂದಿ.

 ಪ್ರಶ್ನೆಗಳಿಗೆ ಅಧ್ಯಕ್ಷರು ಸಮಯ ಕೊಟ್ಟಿದ್ದಾರೆ. ಮಕ್ಕಳೂ ಕೇಳಬಹುದು.